ಕಾಣದ ಅಂಗಡಿಯೂ ಕಾರ್ಡಿನ ಗುಟ್ಟೂ

ನಮ್ಮ ಬೇಲೂರಿನಲ್ಲಿ ಈಗ ಎರಡು ಪೇಟೆಗಳುಂಟು. ಚೆನ್ನಕೇಶವಸ್ವಾಮಿಯ ದೇವಾಲಯದ ಮಹಾದ್ವಾರಕ್ಕೆ ಹೋಗುವ ಬೀದಿಯಲ್ಲಿ ನಾವೆಲ್ಲರೂ ಕಣ್ಣಾರೆ ಕಂಡು ನಡೆದಾಡುವ ಪೇಟೆ ಒಂದು. ಅಂಗೈಯೊಳಗಿನ ಮೊಬೈಲ್ ಫೋನಿನಲ್ಲಿ ಹಗಲಿರುಳೆನ್ನದೆ ಬಾಗಿಲು ತೆರೆದುಕೊಂಡಿರುವ ಪೇಟೆ ಇನ್ನೊಂದು. ಮೊದಲನೆಯ ಪೇಟೆಯಲ್ಲಿ ಅಂಗಡಿಯವನ ಮುಖ ನಮಗೆ ಪರಿಚಿತ. ತೂಕದಲ್ಲಿಯೋ ದರದಲ್ಲಿಯೋ ಹೆಚ್ಚುಕಡಮೆಯಾದರೆ ಮರುದಿನ ಹೋಗಿ ಕೇಳುವುದಕ್ಕೆ ಅವನೂ ಅವನ ಗಲ್ಲಾಪೆಟ್ಟಿಗೆಯೂ ಅಲ್ಲಿಯೇ ಇರುವುವು. ಎರಡನೆಯದರಲ್ಲಿ ಅಂಗಡಿಯೂ ಕಾಣದು, ಅಂಗಡಿಯವನೂ ಕಾಣನು. ಕಾಣುವುದು ಸರಕಿನ ಚಿತ್ರ ಮಾತ್ರ. ಹಣವನ್ನು ಬಹುಮಟ್ಟಿಗೆ ಮೊದಲು ಕೊಡಬೇಕು. ಸರಕು ಆಮೇಲೆ ಬರಬೇಕು. ಹೀಗೆ ಮುಖವನ್ನು ಕಾಣದೆ, ನಂಬಿಕೆಯೊಂದರಿಂದಲೇ ನಡೆಯುವ ವ್ಯಾಪಾರದಲ್ಲಿ ವಂಚಕನಿಗೆ ಎಡೆಯುಂಟಾಗುವುದು ಸಹಜ. ಆ ಎಡೆಯನ್ನು ಅವನು ಬಿಟ್ಟವನೂ ಅಲ್ಲ.

ಈ ಹೊಸ ಪೇಟೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಪಂಪಿನ ಒಂದು ಬಿಡಿಭಾಗಕ್ಕಾಗಿ, ಮಕ್ಕಳ ಪರೀಕ್ಷೆಯ ಒಂದು ಪುಸ್ತಕಕ್ಕಾಗಿ ಹಾಸನಕ್ಕೋ ಬೆಂಗಳೂರಿಗೋ ಹೋಗಿ ಒಂದು ದಿನವನ್ನು ಕಳೆದು ಬರಬೇಕಾಗಿದ್ದ ತಾಲ್ಲೂಕು ಪಟ್ಟಣದವರಿಗೆ, ಅದೇ ವಸ್ತು ಮನೆಯ ಬಾಗಿಲಿಗೆ ಬರುವುದು ಅಲ್ಪ ಸೌಕರ್ಯವೇನೂ ಅಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದುವು. ಅವನ್ನು ನೋಡಬಯಸುವ ದೂರದೇಶದ ಯಾತ್ರಿಕನೂ ತನ್ನ ಮನೆಯಲ್ಲಿ ಕುಳಿತೇ ಕಾರ್ಡಿನಿಂದ ಹಣ ಕಟ್ಟಿ ಕೊಠಡಿಯನ್ನು ಕಾದಿರಿಸಿಕೊಂಡು ಬರುತ್ತಾನೆ. ಕೊಳ್ಳುವವರಾಗಿಯೂ ಮಾರುವವರಾಗಿಯೂ ನಾವು ಈ ಪೇಟೆಯೊಳಗೆ ಆಗಲೇ ಕಾಲಿಟ್ಟಿದ್ದೇವೆ. ಆದಕಾರಣ ಬಾಗಿಲನ್ನು ಮುಚ್ಚುವುದು ಉಪಾಯವಲ್ಲ. ಬಾಗಿಲಿಗೆ ಅಗುಳಿ ಹಾಕುವುದನ್ನು ಕಲಿಯುವುದೇ ಉಪಾಯ.

ಈ ವಿಷಯದಲ್ಲಿ ನಾವು ಮಹಾಜನರಿಗೆ ಅರಿಕೆ ಮಾಡತಕ್ಕ ಮುಖ್ಯ ಸಂಗತಿ ಇಷ್ಟೆ. ಕಾರ್ಡು ಇಟ್ಟುಕೊಂಡವರಿಗೆ ನಮ್ಮ ದೇಶದ ವಿಧಿಗಳು ಬಲವಾದ ರಕ್ಷಣೆಯನ್ನೇ ಕೊಟ್ಟಿವೆ. ಆದರೆ ಆ ರಕ್ಷಣೆ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಗುಟ್ಟನ್ನು ನೀವಾಗಿ ಹೊರಗೆಡಹಿದಿರೋ? ನಷ್ಟವನ್ನು ಎಷ್ಟು ಬೇಗ ತಿಳಿಸಿದಿರಿ? ಮೊದಲನೆಯದು ಎಚ್ಚರದ ಮಾತು. ಎರಡನೆಯದು ಧೈರ್ಯದ ಮಾತು. ಎಚ್ಚರವನ್ನು ಕುರಿತು ಉಪದೇಶ ಮಾಡುವವರು ಬಹುಮಂದಿ ಇದ್ದಾರೆ. ಧೈರ್ಯವನ್ನು ಕುರಿತು ಹೇಳುವವರು ವಿರಳ. ಎರಡನ್ನೂ ಇಲ್ಲಿ ವಿಚಾರಿಸಬೇಕಾಗಿದೆ.

ರುಜುವಿನ ಸ್ಥಾನದಲ್ಲಿ ಅಂಕಿ

1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ನಮ್ಮ ದೇವಾಲಯದಲ್ಲಿ, ಮದನಿಕೆಯರ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕೊರೆದಿಟ್ಟಿದ್ದಾರೆ. ಹೆಸರೆಂದರೆ ಹೊಣೆ, ಈ ಕೆಲಸ ನನ್ನದು ಎಂಬ ಒಪ್ಪಿಗೆ. ನಮ್ಮ ಹಿರಿಯರ ಲೇವಾದೇವಿಯೂ ಇದೇ ನಂಬುಗೆಯ ಮೇಲೆ ನಡೆಯಿತು: ಪತ್ರಕ್ಕೆ ರುಜು, ರುಜುವಿಗೆ ಸಾಕ್ಷಿ, ಸಾಕ್ಷಿಗೆ ಊರು.

ಕಾರ್ಡಿನ ವ್ಯಾಪಾರದಲ್ಲಿ ರುಜುವಿನ ಸ್ಥಾನವನ್ನು ಅಂಕಿಗಳು ಪಡೆದಿವೆ. ಸಾಮಾನ್ಯವಾಗಿ 16 ಅಂಕಿಗಳ ಒಂದು ಸಂಖ್ಯೆ. ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ. ಹಿಂಬದಿಯಲ್ಲಿ ಸಿವಿವಿ ಎಂದು ಕರೆಯುವ ಮೂರಂಕಿಯ ಗುಟ್ಟು. ಇವಿಷ್ಟನ್ನೂ ಬಲ್ಲವನು, ಕಾರ್ಡು ತನ್ನ ಕೈಯಲ್ಲಿಲ್ಲದಿದ್ದರೂ, ಅದರ ಒಡೆಯನಂತೆ ನಟಿಸಬಲ್ಲನು. ಈ ಅಪಾಯವನ್ನು ಕಂಡೇ ಭಾರತೀಯ ರಿಜರ್ವ್ ಬ್ಯಾಂಕು, ಕಾರ್ಡನ್ನು ಕೈಗೆ ಕೊಡದೆ ನಡೆಯುವ ವ್ಯಾಪಾರಕ್ಕೆ ಕಾರ್ಡಿನ ಮೇಲೆ ಅಚ್ಚಾಗಿಲ್ಲದ ಮತ್ತೊಂದು ಗುಟ್ಟನ್ನೂ ಕೇಳಲೇಬೇಕೆಂದು 2009ರ ಆಗಸ್ಟ್ 1ರಿಂದ ವಿಧಿಸಿತು. ನಮ್ಮ ಫೋನಿಗೆ ಬರುವ ಒಟಿಪಿ, ಎಂದರೆ ಒಂದೇ ಸಲಕ್ಕೆ ಸಲ್ಲುವ ಗುಪ್ತಸಂಖ್ಯೆ, ಬಹುಮಟ್ಟಿಗೆ ಆ ಎರಡನೆಯ ಬೀಗವಾಗಿದೆ. ಮೊದಲನೆಯ ಬೀಗದ ಕೈ ಕಳ್ಳನಿಗೆ ಹೇಗಾದರೂ ಸಿಕ್ಕೀತು. ಎರಡನೆಯದರ ಕೈ ನಮ್ಮಲ್ಲಿಯೇ ಉಳಿದಿದೆ. ಆದುದರಿಂದ ಈ ಕಾಲದ ವಂಚಕನ ವಿದ್ಯೆಯೆಲ್ಲವೂ, ಆ ಕೈಯನ್ನು ನಮ್ಮಿಂದಲೇ ಕೇಳಿ ಪಡೆಯುವ ವಿದ್ಯೆಯಾಗಿದೆ.

ವಂಚಕನು ಬರುವ ದಾರಿಗಳು

ಮೊದಲನೆಯ ದಾರಿ ಸುಳ್ಳು ಅಂಗಡಿ. ಹೆಸರಾಂತ ಅಂಗಡಿಯ ಹೆಸರಿನಲ್ಲಿ ಒಂದಕ್ಷರವನ್ನು ಹೆಚ್ಚಿಸಿಯೋ ಕಡಮೆ ಮಾಡಿಯೋ ವಿಳಾಸವೊಂದನ್ನು ಸೃಷ್ಟಿಸಿ, ಅದೇ ಬಣ್ಣ, ಅದೇ ಮುದ್ರೆ, ಅವೇ ಚಿತ್ರಗಳಿಂದ ಅಲಂಕರಿಸಿ, ಹತ್ತು ಸಾವಿರದ ವಸ್ತುವನ್ನು ಒಂದೂವರೆ ಸಾವಿರಕ್ಕೆ ಕೊಡುವೆವೆಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಜಾಹೀರಾತು ಹಾಕುತ್ತಾರೆ. ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಕಂಡಿತೆಂದು ಅನೇಕರು ನಿಶ್ಚಿಂತರಾಗುತ್ತಾರೆ. ಆ ಬೀಗದ ಅರ್ಥವೇ ಬೇರೆ. ನೀವು ಕಳುಹಿಸುವ ವಿವರ ನಡುದಾರಿಯಲ್ಲಿ ಪರರ ಕಣ್ಣಿಗೆ ಬೀಳದು ಎಂಬುದಷ್ಟೇ ಅದರ ಭರವಸೆ. ಅದನ್ನು ಪಡೆಯುವವನು ಸತ್ಯವಂತನೆಂಬ ಭರವಸೆ ಅದರಲ್ಲಿ ಲೇಶವೂ ಇಲ್ಲ. ಕಳ್ಳನ ಮನೆಗೂ ಗಟ್ಟಿಯಾದ ಬಾಗಿಲಿರಬಹುದಲ್ಲವೆ? ಬೆಳ್ಳಗಿರುವುದೆಲ್ಲ ಹಾಲಲ್ಲ.

ಎರಡನೆಯ ದಾರಿ ದೂರವಾಣಿ. "ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ, ನಿಮ್ಮ ಬಹುಮಾನದ ಅಂಕಗಳು ಇಂದು ಸಂಜೆಗೆ ರದ್ದಾಗುತ್ತವೆ, ಕಾರ್ಡಿನ ಮಿತಿಯನ್ನು ಹೆಚ್ಚಿಸುತ್ತೇವೆ, ದಾಖಲೆ ಸರಿಯಿಲ್ಲದ್ದರಿಂದ ಕಾರ್ಡು ನಿಂತುಹೋಗುತ್ತದೆ" ಎಂಬ ಮಾತುಗಳಲ್ಲಿ ಒಂದು ಆಸೆಯನ್ನು ಹುಟ್ಟಿಸುವುದು, ಇನ್ನೊಂದು ಭಯವನ್ನು ಹುಟ್ಟಿಸುವುದು. ಎರಡರಲ್ಲಿಯೂ ಅವಸರ ಮಾತ್ರ ಸಮಾನ. ಯೋಚಿಸುವುದಕ್ಕೆ ಎಡೆಗೊಡದೆ ಮಾತನಾಡುವವನು ಬ್ಯಾಂಕಿನವನಲ್ಲವೆಂದು ತಿಳಿಯುವುದು ಲೇಸು.

ಮೂರನೆಯದು ಪಾರ್ಸಲಿನ ದಾರಿ. ಆನ್‌ಲೈನಿನಲ್ಲಿ ಏನನ್ನೋ ತರಿಸಿಕೊಳ್ಳುತ್ತಿರುವ ಮನೆಗೆ, "ವಿಳಾಸ ಪೂರ್ಣವಾಗಿಲ್ಲ, ಈ ಲಿಂಕನ್ನು ಒತ್ತಿ ಐದು ರೂಪಾಯಿ ಕಟ್ಟಿದರೆ ಪಾರ್ಸಲು ಬರುತ್ತದೆ" ಎಂಬ ಸಂದೇಶ ಬರುತ್ತದೆ. ಐದು ರೂಪಾಯಿಗಾಗಿ ಯಾರು ತಾನೇ ಯೋಚಿಸುವರು? ಆದರೆ ಅಲ್ಲಿ ಕೇಳುವುದು ಐದು ರೂಪಾಯಿಯನ್ನಲ್ಲ, ಕಾರ್ಡಿನ ಸಮಸ್ತ ವಿವರವನ್ನು. ನಾಲ್ಕನೆಯದು, ಅಂತರ್ಜಾಲದಲ್ಲಿ ಹುಡುಕಿದಾಗ ಸಿಕ್ಕುವ ಸುಳ್ಳು ಸಹಾಯವಾಣಿ. ಕೊಂಡ ವಸ್ತು ಹಾಳಾಗಿ ಬಂದಿತೆಂದು ಹಣ ಹಿಂದಿರುಗಿಸಿಕೊಳ್ಳಲು ಹೊರಟವರು ತಾವಾಗಿಯೇ ಕಳ್ಳನಿಗೆ ಕರೆ ಮಾಡುತ್ತಾರೆ. ಅವನು ಒಂದು ಆ್ಯಪನ್ನು ಹಾಕಿಕೊಳ್ಳುವಂತೆ ಹೇಳುತ್ತಾನೆ. ಆ ಆ್ಯಪು ಈ ಕಡೆಯ ಫೋನಿನ ಪರದೆಯನ್ನು ಆ ಕಡೆಗೆ ತೋರಿಸುತ್ತದೆ. ಒಟಿಪಿಯನ್ನು ಬಾಯಿಂದ ಹೇಳುವ ಶ್ರಮವೂ ತಪ್ಪುತ್ತದೆ.

ನಾವು ಕೊಡದೆಯೂ ಹೋಗುವ ವಿವರ

ನಾವು ಎಷ್ಟು ಜಾಗರೂಕರಾಗಿದ್ದರೂ, ನಮ್ಮ ವಿವರವನ್ನು ಇಟ್ಟುಕೊಂಡಿರುವ ಸಂಸ್ಥೆಯಿಂದಲೇ ಅದು ಸೋರಿಹೋಗುವುದುಂಟು. ಬೆಂಗಳೂರಿನ ಜಸ್‌ಪೇ ಎಂಬುದು, ಆನ್‌ಲೈನ್ ಅಂಗಡಿಗಳ ಪರವಾಗಿ ಹಣಪಾವತಿಯ ಕಾರ್ಯವನ್ನು ನಡೆಸಿಕೊಡುವ ಸಂಸ್ಥೆ. 2020ರ ಆಗಸ್ಟ್ ತಿಂಗಳಲ್ಲಿ ಪರರು ಅದರ ಉಗ್ರಾಣಕ್ಕೆ ಕನ್ನವಿಕ್ಕಿದರು. ಸಂಗತಿ ಸಾರ್ವಜನಿಕರಿಗೆ ತಿಳಿದದ್ದು 2021ರ ಜನವರಿಯಲ್ಲಿ. ಅಂಕಿಗಳನ್ನು ಭಾಗಶಃ ಮರೆಮಾಚಿದ ಕಾರ್ಡುಗಳ ಸುಮಾರು 3.5 ಕೋಟಿ ದಾಖಲೆಗಳು ಹೊರಬಿದ್ದುವೆಂದು ಸಂಸ್ಥೆಯೇ ಒಪ್ಪಿಕೊಂಡಿತು. ಪೂರ್ಣ ಸಂಖ್ಯೆಗಳು ಹೋಗಲಿಲ್ಲವೆಂದೂ ಹೇಳಿತು.

ಮರೆಮಾಚಿದ ಅಂಕಿಗಳಿಂದ ಕಳ್ಳನಿಗೆ ಏನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನವುಂಟು. ನಿಮ್ಮ ಹೆಸರು, ಫೋನಿನ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು, ಇವು ಯಾವುದೋ ಸೋರಿಕೆಯಿಂದ ದೊರೆತರೆ ಸಾಕು. ಅವನು ಕರೆಮಾಡಿ ಅವನ್ನೆಲ್ಲ ನಿಮಗೇ ಒಪ್ಪಿಸುತ್ತಾನೆ. "ಇಷ್ಟೆಲ್ಲ ಬಲ್ಲವನು ಬ್ಯಾಂಕಿನವನೇ ಸರಿ" ಎಂದು ನೀವು ನಂಬುತ್ತೀರಿ. ಈ ತರ್ಕವೇ ಬಲೆ. ನಮ್ಮ ವಿಷಯವನ್ನು ಬಲ್ಲವನೆಂಬ ಮಾತ್ರಕ್ಕೆ ಯಾವನೂ ನಮ್ಮವನಾಗುವುದಿಲ್ಲ. ಬ್ಯಾಂಕಿಗೆ ನಿಮ್ಮ ಕಾರ್ಡಿನ ಸಂಖ್ಯೆ ಗೊತ್ತಿದೆ. ಒಟಿಪಿಯನ್ನು ಕಳುಹಿಸಿದ್ದೂ ಬ್ಯಾಂಕೇ. ತಾನು ಕೊಟ್ಟದ್ದನ್ನು ತಾನೇ ಕೇಳುವ ಅಗತ್ಯ ಅದಕ್ಕೆ ಎಂದಿಗೂ ಇಲ್ಲ.

ಸೋರಿಕೆಯನ್ನು ತಡೆಯುವುದಕ್ಕೆ ರಿಜರ್ವ್ ಬ್ಯಾಂಕು ಬಳಿಕ ಒಂದು ಒಳ್ಳೆಯ ಕಟ್ಟಳೆಯನ್ನು ಮಾಡಿತು. 2022ರ ಅಕ್ಟೋಬರ್ 1ರಿಂದ, ಕಾರ್ಡನ್ನು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲವನ್ನು ನಡೆಸುವ ಸಂಸ್ಥೆ ಇವೆರಡನ್ನು ಬಿಟ್ಟು, ಅಂಗಡಿಯವರಾಗಲಿ ಮಧ್ಯವರ್ತಿಗಳಾಗಲಿ ಗಿರಾಕಿಯ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಮುಂದಿನ ಸಲದ ಅನುಕೂಲಕ್ಕಾಗಿ ಕಾರ್ಡನ್ನು ಉಳಿಸಬೇಕಾದರೆ, ಸಂಖ್ಯೆಗೆ ಬದಲಾಗಿ ಟೋಕನ್ ಎಂಬ ಸಂಕೇತವನ್ನು ಮಾತ್ರ ಉಳಿಸಬಹುದು. ಆ ಸಂಕೇತ ಆ ಒಂದು ಅಂಗಡಿಗೆ ಮಾತ್ರ ಸಲ್ಲುವುದರಿಂದ ಕದ್ದವನಿಗೆ ಅದು ಕೆಲಸಕ್ಕೆ ಬಾರದು. ಆದುದರಿಂದ, ಕಾರ್ಡಿನ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಸಂಖ್ಯೆಯನ್ನು ಬರೆದುಕೊಳ್ಳುತ್ತೇವೆ ಎಂದು ಯಾವ ಅಂಗಡಿಯವನಾದರೂ ಕೇಳಿದರೆ ಅದು ನಿಯಮಕ್ಕೆ ವಿರುದ್ಧವೆಂದು ತಿಳಿದು, ಅಂಥ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.

ಮನೆಯೊಡೆಯನು ಮಾಡತಕ್ಕ ಏರ್ಪಾಡು

ಕೋಟೆ ಕೊಳ್ಳೆಹೋದಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಕಾರ್ಡಿನ ದಿಡ್ಡಿಬಾಗಿಲನ್ನು ಮೊದಲೇ ಹಾಕಿಡುವ ಅಧಿಕಾರ ನಮಗೆ ಕೊಡಲ್ಪಟ್ಟಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಆನ್‌ಲೈನ್ ವ್ಯಾಪಾರ, ವಿದೇಶದ ವ್ಯಾಪಾರ, ಕಾರ್ಡನ್ನು ಸೋಕಿಸದೆ ಹಣ ಕೊಡುವ ಕ್ರಮ, ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ, ಪ್ರತಿಯೊಂದಕ್ಕೂ ಎಷ್ಟು ಮಿತಿ ಎಂಬುದನ್ನು ಕಾರ್ಡಿನ ಒಡೆಯನೇ ನಿರ್ಣಯಿಸಬಹುದು. ಬ್ಯಾಂಕಿನ ಆ್ಯಪಿನಲ್ಲಿ ಇದಕ್ಕೆ ಗುಂಡಿಗಳಿವೆ. ತಿಳಿಯದವರು ಶಾಖೆಗೆ ಹೋಗಿ ಕೇಳಿ ಮಾಡಿಸಿಕೊಳ್ಳಬಹುದು.

ಇವುಗಳಲ್ಲಿ ವಿದೇಶದ ಬಾಗಿಲಿಗೆ ವಿಶೇಷ ಗಮನ ಬೇಕು. ನಮ್ಮ ದೇಶದ ಎರಡನೆಯ ಬೀಗದ ಕಟ್ಟಳೆಗೆ ಹೊರದೇಶದ ಅಂಗಡಿಗಳೆಲ್ಲವೂ ಒಳಪಟ್ಟಿಲ್ಲ. ಒಟಿಪಿಯನ್ನು ಕೇಳದೆಯೇ ಹಣವನ್ನು ಸೆಳೆದುಕೊಳ್ಳುವ ಅಂಗಡಿಗಳು ಅಲ್ಲಿವೆ. ಬೇಲೂರಿನಲ್ಲಿ ಕುಳಿತು ವಿದೇಶದಿಂದ ಸರಕು ತರಿಸದ ಗೃಹಸ್ಥನ ಕಾರ್ಡಿನಲ್ಲಿ ಆ ಬಾಗಿಲು ಏಕೆ ತೆರೆದಿರಬೇಕು? ಅದನ್ನು ಇಂದೇ ಮುಚ್ಚಬಹುದು. ಬೇಕಾದ ದಿನ ತೆರೆದು ಕೆಲಸ ಮುಗಿದೊಡನೆ ಮತ್ತೆ ಮುಚ್ಚಬಹುದು. ಆನ್‌ಲೈನಿನ ಮಿತಿಯನ್ನೂ ತಿಂಗಳ ಅಗತ್ಯಕ್ಕೆ ತಕ್ಕಷ್ಟಕ್ಕೆ ಇಳಿಸಬಹುದು. ಎರಡು ಲಕ್ಷದ ಕಾರ್ಡಿನಲ್ಲಿ ಐದು ಸಾವಿರಕ್ಕೆ ಮಾತ್ರ ಬಾಗಿಲು ತೆರೆದಿದ್ದರೆ, ಕಳ್ಳನು ಒಳಗೆ ಬಂದರೂ ಐದು ಸಾವಿರಕ್ಕಿಂತ ಹೆಚ್ಚನ್ನು ಹೊರಲಾರನು.

ಹಣ ಕೊಡುವ ಹೊತ್ತಿನಲ್ಲಿ ಪಾಲಿಸತಕ್ಕ ನಿಯಮಗಳು ಕೆಲವುಂಟು. ಅಂಗಡಿಗೆ ಜಾಹೀರಾತಿನ ಲಿಂಕಿನಿಂದ ಹೋಗದೆ, ಅದರ ಸ್ವಂತ ಆ್ಯಪಿನಿಂದಲೋ, ವಿಳಾಸವನ್ನು ತಾವೇ ಬರೆದೋ ಹೋಗಬೇಕು. ಅಪರಿಚಿತ ಅಂಗಡಿಯಾದರೆ ಅದರ ಹೆಸರು, ಊರು, ದೂರು ಕೇಳುವ ಅಧಿಕಾರಿ ಯಾರೆಂಬುದನ್ನು ಹುಡುಕಬೇಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇವನ್ನು ಪ್ರಕಟಿಸುವುದು ಕಡ್ಡಾಯ; ಇವಿಲ್ಲದ ಅಂಗಡಿ ಅಂಗಡಿಯಲ್ಲ. ಒಟಿಪಿಯ ಸಂದೇಶ ಬಂದಾಗ ಅಂಕಿಯನ್ನು ಮಾತ್ರ ನೋಡಿ ಒತ್ತುವ ಅಭ್ಯಾಸವನ್ನು ಬಿಡಬೇಕು. ಆ ಸಂದೇಶದಲ್ಲಿ ಮೊಬಲಗು ಎಷ್ಟು, ಹಣ ಸಲ್ಲುವುದು ಯಾರಿಗೆ ಎಂಬುದೂ ಸಾಮಾನ್ಯವಾಗಿ ಇರುತ್ತದೆ. ಐದು ರೂಪಾಯಿಯ ಪಾರ್ಸಲಿಗೆ ನಲವತ್ತು ಸಾವಿರದ ಒಟಿಪಿ ಬಂದಿದ್ದರೆ, ಆ ಒಂದು ಸಾಲನ್ನು ಓದಿದವನು ಉಳಿದುಕೊಳ್ಳುತ್ತಾನೆ. ಪರರ ಕಂಪ್ಯೂಟರಿನಲ್ಲಿ ಕಾರ್ಡಿನ ಸಂಖ್ಯೆಯನ್ನು ಬರೆಯಬಾರದು. ಬ್ಯಾಂಕಿಗೆ ಕರೆಮಾಡಬೇಕಾದರೆ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೇ ಮಾಡಬೇಕು. ಬ್ಯಾಂಕುಗಳ ಅಂತರ್ಜಾಲ ವಿಳಾಸಗಳನ್ನು 2025ರ ಅಕ್ಟೋಬರ್ 31ರೊಳಗಾಗಿ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಅಂತ್ಯಕ್ಕೆ ಬದಲಾಯಿಸಿಕೊಳ್ಳಬೇಕೆಂದು ರಿಜರ್ವ್ ಬ್ಯಾಂಕು ಆಜ್ಞಾಪಿಸಿತು. ಆ ಅಂತ್ಯವಿಲ್ಲದ ವಿಳಾಸ ಬ್ಯಾಂಕಿನ ಹೆಸರು ಹೇಳಿಕೊಂಡು ಬಂದರೆ ಸಂದೇಹಪಡುವುದಕ್ಕೆ ಅಷ್ಟೇ ಸಾಕು.

ತಿಂಗಳ ಕೊನೆಗೆ ಬರುವ ಲೆಕ್ಕದ ಪಟ್ಟಿಯನ್ನು ಒಟ್ಟು ಮೊಬಲಗನ್ನು ಮಾತ್ರ ನೋಡಿ ಮಡಿಸಿಡಬಾರದು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವನ್ನು ನಮ್ಮ ತಾಯಂದಿರು ಒಂದೊಂದು ಬಾಬಾಗಿ ಓದಿಸಿ ಕೇಳುತ್ತಿದ್ದಂತೆ ಅದನ್ನು ಓದಬೇಕು. ಕದ್ದ ಕಾರ್ಡು ಸಲ್ಲುವುದೋ ಇಲ್ಲವೋ ಎಂದು ಪರೀಕ್ಷಿಸಲು ಕಳ್ಳನು ಮೊದಲು ಒಂದೆರಡು ರೂಪಾಯಿಗಳನ್ನು ಸೆಳೆದು ನೋಡುವುದುಂಟು. ಆ ಸಣ್ಣ ಬಾಬನ್ನು ಕಂಡುಹಿಡಿದವನು ದೊಡ್ಡದನ್ನು ತಪ್ಪಿಸಿಕೊಳ್ಳುತ್ತಾನೆ. ಸ್ವದೇಶಿಯಾದ ರೂಪೇ ಕಾರ್ಡು 2012ರಿಂದ ನಮ್ಮಲ್ಲಿದೆ. ಅದು ಹೆಮ್ಮೆಯ ವಿಷಯವೇ ಸರಿ. ಆದರೆ ಕಾರ್ಡು ಸ್ವದೇಶಿಯಾಗಲಿ ವಿದೇಶಿಯಾಗಲಿ, ಗುಟ್ಟನ್ನು ತಾನಾಗಿ ಬಿಟ್ಟುಕೊಟ್ಟವನನ್ನು ಯಾವ ಕಾರ್ಡೂ ಕಾಯಲಾರದು.

ಕಾನೂನಿನ ಗಡಿಯಾರ

ಇಷ್ಟೆಲ್ಲ ಎಚ್ಚರದ ಮೇಲೂ ಹಣ ಹೋಯಿತೆಂದು ಇಟ್ಟುಕೊಳ್ಳೋಣ. ಆಗ ಹೊಣೆ ಯಾರದು? ಈ ಪ್ರಶ್ನೆಗೆ ರಿಜರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಸ್ಪಷ್ಟವಾದ ಉತ್ತರವನ್ನು ಕೊಟ್ಟಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಇಂಥದೇ ಆಜ್ಞೆ ಹೊರಟಿತು. ಆ ಸುತ್ತೋಲೆಯ ತತ್ತ್ವವನ್ನು ಪ್ರತಿಯೊಬ್ಬ ಪೌರನೂ ಅರಿತಿರಬೇಕು.

ಬ್ಯಾಂಕಿನದೇ ತಪ್ಪಾಗಿದ್ದರೆ ಗಿರಾಕಿಯ ಹೊಣೆ ಸೊನ್ನೆ. ಬ್ಯಾಂಕಿನದೂ ತಪ್ಪಲ್ಲ, ಗಿರಾಕಿಯದೂ ತಪ್ಪಲ್ಲ, ನಡುವೆ ಬೇರೆಲ್ಲಿಯೋ ಸೋರಿಕೆಯಾಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವನ ಹೊಣೆಯೂ ಸೊನ್ನೆ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ; ಮಂಗಳವಾರ ಬಂದಿದ್ದರೆ, ನಡುವೆ ರಜೆಯಿಲ್ಲದ ಪಕ್ಷದಲ್ಲಿ, ಶುಕ್ರವಾರದ ವರೆಗೆ ಅವಕಾಶವುಂಟು. 4ರಿಂದ 7 ದಿನಗಳೊಳಗೆ ತಿಳಿಸಿದವನು ಒಂದು ಪಾಲನ್ನು ಹೊರಬೇಕು: 5 ಲಕ್ಷ ರೂಪಾಯಿಗಳವರೆಗೆ ಮಿತಿಯುಳ್ಳ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೆ ಮೇಲ್ಪಟ್ಟ ಮಿತಿಯ ಕಾರ್ಡಿಗೆ ಹೆಚ್ಚೆಂದರೆ 25,000 ರೂಪಾಯಿ. 7 ದಿನಗಳೂ ಕಳೆದರೆ ಬ್ಯಾಂಕು ತನ್ನ ಮಂಡಲಿಯ ನೀತಿಯಂತೆ ತೀರ್ಮಾನಿಸುವುದು. ದೂರು ಮುಟ್ಟಿದ 10 ಕೆಲಸದ ದಿನಗಳಲ್ಲಿ ವಿವಾದದ ಹಣವನ್ನು ತಾತ್ಕಾಲಿಕವಾಗಿ ಗಿರಾಕಿಯ ಲೆಕ್ಕಕ್ಕೆ ಜಮಾ ಮಾಡಬೇಕು. 90 ದಿನಗಳಲ್ಲಿ ದೂರನ್ನು ಇತ್ಯರ್ಥಪಡಿಸಬೇಕು. ತಪ್ಪು ಗಿರಾಕಿಯದೆಂದು ಸಾಧಿಸುವ ಭಾರವೂ ಬ್ಯಾಂಕಿನ ಮೇಲೆಯೇ ಇದೆ.

ಒಟಿಪಿಯನ್ನು ತಾನೇ ಹೇಳಿದವನ ಗತಿಯೇನು? ಅವನು ತಿಳಿಸುವ ಗಳಿಗೆಯವರೆಗೆ ಆದ ನಷ್ಟ ಅವನದು. ಆದರೆ ತಿಳಿಸಿದ ಗಳಿಗೆಯಿಂದ ಮುಂದೆ ಆಗುವ ನಷ್ಟ ಬ್ಯಾಂಕಿನದು. ವಾಚಕರು ಈ ವಾಕ್ಯವನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ನಾನೇ ತಪ್ಪಿದೆನಲ್ಲ, ಇನ್ನು ಹೇಳಿ ಫಲವೇನು ಎನ್ನುವವನಿಗೂ ಕಾನೂನು ಒಂದು ಗೆರೆಯನ್ನು ಎಳೆದುಕೊಟ್ಟಿದೆ. ಆ ಗೆರೆ ಬೀಳುವುದು ಅವನು ಬಾಯಿ ತೆರೆದ ಕ್ಷಣದಲ್ಲಿ.

ಬಾಯಿ ತೆರೆಯುವ ಕ್ರಮವೂ ಕಷ್ಟವಾದುದಲ್ಲ. ಮೊದಲು ಬ್ಯಾಂಕಿನ ಆ್ಯಪಿನಲ್ಲಿಯೋ ಕಾರ್ಡಿನ ಹಿಂದಿನ ಸಂಖ್ಯೆಗೆ ಕರೆಮಾಡಿಯೋ ಕಾರ್ಡನ್ನು ನಿಲ್ಲಿಸಬೇಕು. ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಒಡನೆಯೇ 1930ಕ್ಕೆ ಕರೆಮಾಡಬೇಕು. ಸೈಬರ್ ವಂಚನೆಗಾಗಿ ಕೇಂದ್ರ ಸರ್ಕಾರ ಏರ್ಪಡಿಸಿರುವ ಈ ಸಹಾಯವಾಣಿಯಿಂದ ಬ್ಯಾಂಕುಗಳಿಗೆ ಸುದ್ದಿ ಮುಟ್ಟುತ್ತದೆ. ಹಣ ಖಾತೆಯಿಂದ ಖಾತೆಗೆ ಹಾರಿ ಕಣ್ಮರೆಯಾಗುವ ಮೊದಲೇ ತಡೆಹಿಡಿಯುವುದಕ್ಕೆ ಪ್ರಯತ್ನ ನಡೆಯುತ್ತದೆ. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ರಸೀತಿ ಪಡೆಯಬೇಕು. ಬಂದ ಸಂದೇಶಗಳನ್ನು ಅಳಿಸಬಾರದು. ಬೇಲೂರಿನ ಠಾಣೆಯಲ್ಲಿಯೂ ಫಿರ್ಯಾದು ಸಲ್ಲಿಸಬಹುದು. ಜಿಲ್ಲಾಕೇಂದ್ರವಾದ ಹಾಸನದಲ್ಲಿ ಇಂಥ ಅಪರಾಧಗಳಿಗೆಂದೇ ಪೊಲೀಸು ಠಾಣೆಯುಂಟು. ಪರರ ಗುಪ್ತಸಂಖ್ಯೆಯನ್ನು ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಸಿ, ವೇಷಮರೆಸಿ ವಂಚಿಸುವುದಕ್ಕೆ 66ಡಿ ಪ್ರಕರಣಗಳು 3 ವರ್ಷಗಳವರೆಗೆ ಸೆರೆಯನ್ನೂ 1 ಲಕ್ಷದವರೆಗೆ ಜುಲ್ಮಾನೆಯನ್ನೂ ವಿಧಿಸಿವೆ. ಬ್ಯಾಂಕು 30 ದಿನಗಳಾದರೂ ಉತ್ತರಿಸದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಲ್ಲಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸರಕಿನ ತಕರಾರಿಗೆ ಗ್ರಾಹಕರ ಸಹಾಯವಾಣಿ 1915 ಉಂಟು. ಹೋದ ಹಣವನ್ನು ತಂದುಕೊಡುತ್ತೇವೆ, ಮೊದಲು ಇಷ್ಟು ಕಟ್ಟಿ ಎನ್ನುವವನು ಮಾತ್ರ ಎರಡನೆಯ ಕಳ್ಳನೆಂದು ತಿಳಿಯತಕ್ಕದ್ದು.

ಮಾನದ ಮಾತು

ಇಷ್ಟು ಸುಲಭವಾದ ದಾರಿಯಿದ್ದರೂ ಜನ ಅದನ್ನು ಹಿಡಿಯಲು ಹಿಂಜರಿಯುವುದೇಕೆ? ತಾಲ್ಲೂಕು ಪಟ್ಟಣದಲ್ಲಿ ಬಾಳುವವರಿಗೆ ಇದರ ಉತ್ತರ ತಿಳಿಯದ್ದಲ್ಲ. ಕಚೇರಿಯಲ್ಲಿ ಹತ್ತು ಮಂದಿಗೆ ಆಜ್ಞೆ ಮಾಡುವ ಅಧಿಕಾರಿ, ತರಗತಿಯಲ್ಲಿ ಲೆಕ್ಕ ಹೇಳಿಕೊಡುವ ಉಪಾಧ್ಯಾಯರು, ಅಡಕೆ ಕಾಫಿಗಳ ಧಾರಣೆಯನ್ನು ಬೆರಳತುದಿಯಲ್ಲಿಟ್ಟುಕೊಂಡಿರುವ ತೋಟದ ಯಜಮಾನರು, ಇಂಥವರು ಒಂದು ಐದು ರೂಪಾಯಿಯ ಲಿಂಕಿಗೆ ಮರುಳಾದರೆಂದು ಊರಿಗೆ ಗೊತ್ತಾಗುವುದೇ ಅವರಿಗೆ ನಷ್ಟಕ್ಕಿಂತ ದೊಡ್ಡ ನೋವು. ಬ್ಯಾಂಕಿನ ಗುಮಾಸ್ತನು ನೆಂಟ, ಠಾಣೆಯ ಮುನ್ಷಿ ಪರಿಚಿತ; ಹೇಳಿದರೆ ಸಂಜೆಯೊಳಗೆ ಕಾಫಿ ಹೋಟಲಿನಲ್ಲಿ ಮಾತಾಗುತ್ತದೆ. ಮನೆಯ ಹೆಂಗಸರಿಗೆ ಯಜಮಾನರ ಕೋಪದ ಭಯ, ವೃದ್ಧರಿಗೆ ಮಕ್ಕಳು ಫೋನನ್ನು ಕಸಿದುಕೊಳ್ಳುವರೆಂಬ ಭಯ. ಹೀಗೆ ಒಂದು ದಿನ ಕಳೆಯುತ್ತದೆ, ಎರಡು ದಿನ ಕಳೆಯುತ್ತದೆ. ಆ ವೇಳೆಗೆ ಕಾನೂನಿನ ಗಡಿಯಾರ ಮುಂದಕ್ಕೆ ಹೋಗಿರುತ್ತದೆ, ಕಳ್ಳನೂ ಹೋಗಿರುತ್ತಾನೆ.

ನಾವು ಕೇಳುವುದಿಷ್ಟು: ಕನ್ನ ಬಿದ್ದ ಮನೆಯವನನ್ನು ಯಾರಾದರೂ ಹಾಸ್ಯ ಮಾಡುವರೆ? ಅವನ ಮನೆಗೆ ಹೋಗಿ ಸಮಾಧಾನ ಹೇಳುತ್ತೇವೆ. ನಮ್ಮ ಬಾಗಿಲಿನ ಚಿಲಕವನ್ನು ಅಂದೇ ಸರಿಮಾಡಿಸುತ್ತೇವೆ. ಫೋನಿನಿಂದ ಬಂದ ಕಳ್ಳನ ವಿಷಯದಲ್ಲಿ ಮಾತ್ರ ಕಳೆದುಕೊಂಡವನೇ ಅಪರಾಧಿಯಾಗುವುದು ಯಾವ ನ್ಯಾಯ? ಹಗಲಿಡೀ ಇದೇ ಕಸುಬನ್ನು ಮಾಡುವ ಚತುರನ ಎದುರಿಗೆ, ಊಟದ ಹೊತ್ತಿನಲ್ಲಿ ಅನ್ಯಮನಸ್ಕನಾಗಿ ಫೋನೆತ್ತಿದ ಗೃಹಸ್ಥನು ಸೋತದ್ದರಲ್ಲಿ ಅವಮಾನವೇನೂ ಇಲ್ಲ. ಮೌನದಲ್ಲಿ ಮಾತ್ರ ನಷ್ಟವುಂಟು. ಅದು ಅವನೊಬ್ಬನದೇ ಅಲ್ಲ. ಒಬ್ಬನು ಮುಚ್ಚಿಟ್ಟ ವಂಚನೆ, ಅದೇ ಮಾತಿನಲ್ಲಿ, ಅದೇ ವೇಷದಲ್ಲಿ, ಪಕ್ಕದ ಮನೆಯ ಫೋನಿಗೆ ಹೋಗುತ್ತದೆ. ಆದುದರಿಂದ ದೂರು ಕೊಡುವುದು ಸ್ವಂತ ಹಣದ ಕೆಲಸ ಮಾತ್ರವಲ್ಲ. ಊರಿಗೆ ಸಲ್ಲಿಸಬೇಕಾದ ಋಣ.

ಬ್ಯಾಂಕುಗಳ ಕರ್ತವ್ಯ

ಎಚ್ಚರವನ್ನೆಲ್ಲ ಗಿರಾಕಿಯ ತಲೆಗೇ ಕಟ್ಟಿ ಬ್ಯಾಂಕುಗಳು ಕೈತೊಳೆದುಕೊಳ್ಳಲಾಗದು. ಕನ್ನಡನಾಡು ಬ್ಯಾಂಕುಗಳ ತವರು. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಆ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಲೀನವಾದುದಕ್ಕೆ ಈಗ ಮರುಗುವುದು ವ್ಯರ್ಥ. ಆದರೆ ಲೀನವಾದ ಬ್ಯಾಂಕಿನೊಡನೆ ಅದರ ಭಾಷೆಯೂ ಲೀನವಾಗತಕ್ಕದ್ದಲ್ಲ. ಬ್ಯಾಂಕಿನ ಅಚ್ಚಾದ ಫಾರಮುಗಳು ಇಂಗ್ಲಿಷು, ಹಿಂದಿ ಮತ್ತು ಆಯಾ ಪ್ರಾಂತ್ಯದ ಭಾಷೆ ಮೂರರಲ್ಲಿಯೂ ಇರಬೇಕೆಂಬುದು ರಿಜರ್ವ್ ಬ್ಯಾಂಕಿನ ಕಟ್ಟಳೆ. ಫಾರಮಿಗೆ ಸಲ್ಲುವ ನ್ಯಾಯ ಫೋನಿನ ಸಂದೇಶಕ್ಕೆ ಏಕೆ ಸಲ್ಲಬಾರದು?

ಒಟಿಪಿಯ ಸಂದೇಶದಲ್ಲಿ ಇದನ್ನು ಯಾರಿಗೂ ಹೇಳಬೇಡಿ ಎಂಬ ಸಾಲು ಇಂಗ್ಲಿಷಿನಲ್ಲಿ ಬಂದರೆ, ಕನ್ನಡವೊಂದನ್ನೇ ಓದಬಲ್ಲ ಗಿರಾಕಿಗೆ ಅದು ಬಂದರೂ ಬಾರದಂತೆಯೇ. ವಂಚಕನಾದರೋ ಆತನ ಭಾಷೆಯಲ್ಲಿಯೇ ಮಾತನಾಡುತ್ತಾನೆ! ಕಳ್ಳನು ಕಲಿತ ಕನ್ನಡವನ್ನು ಕಾವಲುಗಾರನು ಕಲಿಯಬಾರದೆ? ಓದಲಾರದ ಎಚ್ಚರಿಕೆಯನ್ನು ಕಳುಹಿಸಿ, ಎಚ್ಚರಿಸಿದ್ದೆವೆಂದು ಬಳಿಕ ವಾದಿಸುವುದು ನ್ಯಾಯವಲ್ಲ. ಮೊಬಲಗು, ಅಂಗಡಿಯ ಹೆಸರು, ಎಚ್ಚರಿಕೆ, ಕಾರ್ಡನ್ನು ನಿಲ್ಲಿಸುವ ಸಂಖ್ಯೆ, ಈ ನಾಲ್ಕೂ ಕನ್ನಡದಲ್ಲಿ ಬರಬೇಕೆಂದು ಗಿರಾಕಿಗಳು ತಮ್ಮ ತಮ್ಮ ಶಾಖೆಗಳಲ್ಲಿ ಬರಹದಲ್ಲಿ ಕೇಳಬೇಕು. ಹಳೇಬೀಡು, ಅರಸೀಕೆರೆಗಳ ಶಾಖೆಗಳೂ ಸೇರಿ, ಪ್ರತಿ ಬ್ಯಾಂಕಿನ ಬಾಗಿಲಲ್ಲಿ 1930 ಎಂಬ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದು ತೂಗುಹಾಕುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಪುರಸಭೆಯೂ ತಾಲ್ಲೂಕು ಕಚೇರಿಯೂ ಅದನ್ನೇ ಮಾಡಬಹುದು.

ಸರ್ಕಾರದ ಕೆಲಸ ಸರ್ಕಾರಕ್ಕಿರಲಿ, ಬ್ಯಾಂಕಿನ ಕೆಲಸ ಬ್ಯಾಂಕಿಗಿರಲಿ. ಇಂದಿನ ಸಂಜೆಯೇ ಮನೆಯೊಡೆಯರು ಮಾಡಬಹುದಾದ ಕೆಲಸಗಳು ಮೂರು. ಕಾರ್ಡಿನ ವಿದೇಶದ ಬಾಗಿಲನ್ನು ಮುಚ್ಚುವುದು. ಆನ್‌ಲೈನಿನ ಮಿತಿಯನ್ನು ಇಳಿಸುವುದು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, "ನಿಮ್ಮಲ್ಲಿ ಯಾರು ಮೋಸಹೋದರೂ ನಾನು ಗದರುವುದಿಲ್ಲ, ಆದರೆ ಆ ಕ್ಷಣವೇ ನನಗೆ ಹೇಳಬೇಕು" ಎಂದು ಮಾತು ಕೊಡುವುದು. ಮೊದಲನೆಯ ಎರಡಕ್ಕೆ ಐದು ನಿಮಿಷ ಸಾಕು. ಮೂರನೆಯದಕ್ಕೆ ಸ್ವಲ್ಪ ಮನಸ್ಸು ಬೇಕು; ಆದರೆ ವಂಚಕನು ಹೆಚ್ಚಾಗಿ ಹೆದರುವುದು ಆ ಮೂರನೆಯದಕ್ಕೇ.